ಒಂದನೇ ನಂಬರು

ಮಂಡ್ಯದ ಬೆಲ್ಲದ ಮಂಡಿಯಲ್ಲಿ ನಾನು ಬರೆಯುವವಳು,
ಹೇಳುವವನು ಜವರಪ್ಪ.
ಅಚ್ಚನ್ನು ಅಂಗೈಮೇಲಿಟ್ಟು ಬೆರಳ ಗೆಣ್ಣಿಂದ ತಟ್ಟುತ್ತಾನೆ,
ಒಳಗೆ ಯಾರೋ ಇದ್ದಾರೆ, ಬಾಗಿಲು ತೆಗೆಯುತ್ತಾರೆ ಎಂಬಂತೆ.
ಮುರಿಯುತ್ತಾನೆ. ಮುರಿದ ಮೈಯನ್ನು ಬೆಳಕಿಗೆ ಹಿಡಿದು
ಹರಳು ನೋಡಿ, ಒಂದು ಚೂರು ನಾಲಿಗೆಗೆ.
"ಎಲ್ಡು."
ನಾನು ೨ ಎಂದು ಬರೆಯುತ್ತೇನೆ.
ಆ ಎರಡಕ್ಕೂ ಒಂದಕ್ಕೂ ನಡುವೆ
ಕ್ವಿಂಟಾಲಿಗೆ ಮುನ್ನೂರು ರೂಪಾಯಿ:
ಸಂಜೆ ಮನೆಗೆ ಹೋಗುವಾಗ ಕೈಯಲ್ಲಿ ಮಟನ್ನು,
ಇಲ್ಲಾ ಬರೀ ಬೀಡಿ.

ಹತ್ತೊಂಬತ್ತು ವರ್ಷ ಬರೆದೆ, ಒಮ್ಮೆಯೂ ನೆಕ್ಕಿ ನೋಡದೆ.
ಕೊತ್ತತ್ತಿಯ ಪುಟ್ಟಸಿದ್ದಮ್ಮ ಒಂದು ದಿನ ಸೆರಗು ಸಿಕ್ಕಿಸಿ ನಿಂತಳು:
"ನಿನ್ ನಾಲ್ಗೇನ ಅಳ್ದೋರು ಯಾರ್ಲಾ ಜವರಾ?
ಹೆತ್ತೋಳ್ಗೆ ಹೆಗ್ಗಣ ಮುದ್ದು ಅಂದ್ಕೊ ಬೇಕಾದ್ರೆ,
ನನ್ ಬೆಲ್ಲ ನಂಗೆ ಒಂದೇ ನಂಬರು."
ಮಂಡಿಗೆ ಮಂಡಿಯೇ ನಕ್ಕಿತು.
ನನಗೆ ಮಾತ್ರ ಆ ಮಾತು ಹಲ್ಲಿನ ಸಂದಿಯಲ್ಲಿ ಉಳಿಯಿತು.

ಅದಕ್ಕೇ ಒಂದು ಕಳ್ಳತನ ಮಾಡಿದೆ.
ಬೆಳಿಗ್ಗೆ ಅವನು ಒಂದು ಎಂದ ರಾಶಿಯಿಂದ ಒಂದು ಅಚ್ಚು ಎತ್ತಿ
ಸೊಂಟದ ಮಡಿಲಲ್ಲಿ ಕಟ್ಟಿಕೊಂಡಿದ್ದು,
ಊಟದ ಹೊತ್ತಾದ ಮೇಲೆ ಇನ್ಯಾರದೋ ರಾಶಿಗೆ ಸೇರಿಸಿದೆ.
ತಟ್ಟಿದ. ಮುರಿದ. ನೆಕ್ಕಿದ.
"ಎಲ್ಡು."
ಕಳ್ಳನನ್ನು ಹಿಡಿದಷ್ಟು ಖುಷಿ.
ಕಳುವಾದದ್ದು ನನ್ನ ಮನೆಯಲ್ಲೇ ಎಂಬಷ್ಟು ಸಂಕಟ.

ಹೇಳಿದರೆ ಸಿಟ್ಟಾಗಲಿಲ್ಲ. "ಎಲ್ಲಿಟ್ಟಿದ್ದೆ?" ಅಂದ.
ಮಡಿಲಲ್ಲಿ.
"ಆಸಾಡ ಕಣವ್ವ. ಬೆಲ್ಲ ಗಾಳೀನ ಕುಡೀತದೆ,
ನಿನ್ ಬೆವರ್ನೂ ಕುಡ್ದದೆ.
ಬೆಳಿಗ್ಗೆ ಅದು ಒಂದೇ. ಮಧ್ಯಾನಕ್ಕೆ ಎಲ್ಡಾಯ್ತು.
ನಾಲ್ಗೆ ಏನ್ ಮಾಡೀತು?"
ಇದು ನಿಜವೋ, ಜಾರಿಕೊಳ್ಳುವ ಜಾಣತನವೋ
ಇವತ್ತಿಗೂ ನನಗೆ ಗೊತ್ತಿಲ್ಲ.

ಆಮೇಲೆ ಯಂತ್ರ ಬಂತು, ಗಾಜಿನ ಕೋಣೆಯಲ್ಲಿ.
ಇಪ್ಪತ್ತು ರಾಶಿಯಲ್ಲಿ ಹದಿನಾರಕ್ಕೆ
ಯಂತ್ರವೂ ಜವರಪ್ಪನೂ ಒಂದೇ ಮಾತು.
ಇನ್ನು ನಾಲ್ಕು, ಚಿನ್ನದಂಥ ಬಣ್ಣ,
ಯಂತ್ರ ಒಂದು ಅಂದಿತು, ಇವನು ಥೂ ಅಂತ ಉಗಿದ:
"ಹೈಡ್ರೋಸು. ಬೆಲ್ಲ ಅಲ್ಲ, ಬರೀ ಬಣ್ಣ."
ಯಂತ್ರ ನಡೆಸುವ ಹುಡುಗ ತಲೆ ಕೆರೆದುಕೊಂಡ.
ಬೆಳ್ಳಗಿರುವುದೇ ಒಳ್ಳೆಯದು ಎಂದು
ಅದಕ್ಕೆ ಕಲಿಸಿದ್ದು ಯಾರೋ ಮನುಷ್ಯರೇ ತಾನೆ.

ನಾನೂ ನೆಕ್ಕಲು ಶುರುಮಾಡಿದೆ.
ಮೊದಲ ವರ್ಷ ಬರೀ ಸಿಹಿ, ಸಿಹಿಯ ಹಿಂದೆ ಸಿಹಿ.
ಮರುವರ್ಷ, ನಾಲೆಯ ಕೊನೆಯ ಗದ್ದೆಯ ಉಪ್ಪು.
ಕೊಪ್ಪರಿಗೆಯ ತಳ ಹಿಡಿದ ಕಮಟು.
ಸುಣ್ಣ ಒಂದು ಚಿಟಿಕೆ ಹೆಚ್ಚಾದದ್ದು.
ಬೆಂಡೆಯ ಲೋಳೆ ಹಾಕಿ ಹೊಲಸು ತೆಗೆದವರ ತಾಳ್ಮೆ,
ಅದಕ್ಕೂ ಒಂದು ರುಚಿ.
ಇವನ್ನು ನಾನು ಹುಟ್ಟಿಸಲಿಲ್ಲ. ಅಲ್ಲೇ ಇದ್ದವು,
ನಾನು ಬರುವುದು ತಡವಾಗಿತ್ತು ಅಷ್ಟೆ.

ಈಗ ಜವರಪ್ಪನಿಗೆ ಸಕ್ಕರೆ ಕಾಯಿಲೆ, ಡಾಕ್ಟರು ಬೈದಿದ್ದಾರೆ.
ತಟ್ಟಿ ಮುರಿದು ಚೂರನ್ನು ನನಗೆ ಕೊಡುತ್ತಾನೆ.
ನಾನು ಬಾಯಿ ಬಿಡುವ ಮುಂಚೆ
ನನ್ನ ಮುಖ ನೋಡಿಯೇ ಕೆಲವು ಸಲ ಹೂಂ ಅನ್ನುತ್ತಾನೆ,
ಕೆಲವು ಸಲ ಇನ್ನೊಂದು ಚೂರು ಮುರಿಯುತ್ತಾನೆ.

ಮೊನ್ನೆ ಪುಟ್ಟಸಿದ್ದಮ್ಮನ ರಾಶಿ.
ನನಗೆ ಅದು ಒಂದಾಗಬೇಕಿತ್ತು, ದೇವರಾಣೆ ಆಗಬೇಕಿತ್ತು.
ಎರಡು ಸಲ ನೆಕ್ಕಿದೆ. ಬೆಲ್ಲ ಒಪ್ಪಲಿಲ್ಲ.
೨ ಎಂದು ಬರೆದೆ, ಕೈ ನಿಧಾನವಾಗಿ.
"ನೀನೂನಾ?" ಅಂದಳು.
ಬೈಯಲಿಲ್ಲ. ಮೆಟ್ಟಿಲ ಮೇಲೆ ಕೂತು
ಮಿಕ್ಕ ಅಚ್ಚನ್ನು ಮೊಣಕಾಲಿಗೆ ಕುಟ್ಟಿ ಒಡೆದು
ಅರ್ಧ ತಾನು ತಿಂದಳು, ಅರ್ಧ ನನಗೆ ಚಾಚಿದಳು:
"ಚೆಂದಾಗದೆ, ತಿನ್ನು."
ತಿಂದೆ. ಚೆಂದಾಗೇ ಇತ್ತು.