ಕೈಯಳತೆ

ಸೆಪ್ಟೆಂಬರಿನಲ್ಲಿ ಹನ್ನೊಂದನೇ ತರಗತಿಯ ಇಪ್ಪತ್ತಾರು ಕೈಗಳನ್ನು
ಬಿಳಿ ಹಾಳೆಯ ಮೇಲೆ ಊರಿಸಿ
ಅವರವರ ಪೆನ್ಸಿಲಿನಿಂದಲೇ ಸುತ್ತುಗೆರೆ ಎಳೆಸಿದೆ.
ಗ್ಲೌಸಿನ ಅಳತೆಗೆಂದು.
ಕಚಗುಳಿಯಾಗಿ ನಕ್ಕವು ಹುಡುಗರು.
ಒಬ್ಬ ನಡುಬೆರಳನ್ನಷ್ಟೇ ಬರೆದು ಬೈಸಿಕೊಂಡ.
ದೊರುಕ್‌ನದು ಏಳು. ತರಗತಿಗೇ ಸಣ್ಣ ಕೈ,
ಉಗುರಿನ ಸಂದಿಯಲ್ಲಿ ಮರದ ಹೊಟ್ಟು.

ನಾನು ಮರಗೆಲಸದವಳಲ್ಲ, ಲೆಕ್ಕದ ಟೀಚರು.
ಮರಗೆಲಸದ ಮೇಷ್ಟ್ರು ನಿವೃತ್ತರಾದ ಮೇಲೆ
ತಪಾಸಣೆಯ ಹೊಣೆ ಎಂಬೊಂದು ಕಾಗದ
ನನ್ನ ಮೇಜಿಗೆ ಬಂದು ಬಿತ್ತು.
ವಾರಕ್ಕೆ ನಾಲ್ಕು ದಿನ ಅವರು ಕಾರ್ಖಾನೆಗೆ, ಒಂದು ದಿನ ಶಾಲೆಗೆ;
ತಿಂಗಳಿಗೊಮ್ಮೆ ನಾನು, ಕೈಸೇರಿಯ ಕೊನೆಯ ಮಿನಿಬಸ್ಸಿನ ತನಕ,
ಷೆಡ್ಡಿಂದ ಷೆಡ್ಡಿಗೆ, ಸಹಿ ಹಾಕುತ್ತಾ.

ಎಲ್ಲಾ ಕಡೆ ಚಹಾ ಕೊಟ್ಟರು. ಎಲ್ಲಾ ಕಡೆ ಅದೇ ಮಾತು:
'ನಮ್ಮ ಮಕ್ಕಳ ಹಾಗೇ ಹೊಜಾಮ್, ನಮ್ಮ ಮಕ್ಕಳ ಹಾಗೇ.'
ಗೋಡೆಗೊರಗಿ ನಿಂತಿದ್ದವು ಸೋಫಾದ ಕಾಲುಗಳು,
ಇನ್ನೂ ಮೈಯಿಲ್ಲದ ಸಾವಿರ ಕಾಲು.
ಕೊರೆಯುವ ಯಂತ್ರದ ಮುಂದೆ ದೊರುಕ್, ಬರಿಗೈಯಲ್ಲಿ.
'ಗ್ಲೌಸೆಲ್ಲಿ?' ಎಂದೆ ದೊಡ್ಡ ದನಿಯಲ್ಲಿ,
ಝಿಹ್ನಿ ಉಸ್ತಾಗೂ ಕೇಳಲೆಂದು.

ಗ್ಲೌಸು ಕೈ ಸೇರಿದ್ದು ನವೆಂಬರಿಗೆ.
ಇಪ್ಪತ್ತಾರು ಜೊತೆಯೂ ಒಂದೇ ಅಳತೆ: ಹತ್ತು.
ಬೆರಳು ತುಂಬದೆ ತುದಿಗಳು ಜೋತು
ಬತ್ತಿದ ಕೆಚ್ಚಲಿನ ಹಾಗೆ.
'ಬೆಳೀತಾರೆ ಬಿಡಿ' ಎಂದ ಉಗ್ರಾಣದವ.
ನಾನು ಹಂಚಿದೆ. ಹಂಚಿ ಹೇಳಿದೆ:
ಇದಿಲ್ಲದೆ ಯಂತ್ರ ಮುಟ್ಟಿದವರಿಗೆ ಹಾಜರಿ ಇಲ್ಲ.

ತಿರುಗುವ ಯಂತ್ರಕ್ಕೆ ಗ್ಲೌಸು ಹಾಕಬಾರದಂತೆ.
ಹಾಕಬಾರದಂತೆ!
ತುದಿಯ ಒಂದೆಳೆ ನೂಲು ಸಿಕ್ಕರೆ ಸಾಕು,
ಕೈಯನ್ನೇ ಒಳಗೆ ಕರೆದುಕೊಳ್ಳುತ್ತದಂತೆ.
ಝಿಹ್ನಿ ಉಸ್ತಾಗೆ ಗೊತ್ತಿತ್ತು, ಆ ಹೊತ್ತು ಲಾರಿ ತುಂಬಿಸುತ್ತಿದ್ದ.
ಹಳೆಯ ಮೇಷ್ಟ್ರಿಗೆ ಗೊತ್ತಿತ್ತು, ಫೋನಿನಲ್ಲಿ ಬಹಳ ಹೊತ್ತು ಸುಮ್ಮನಿದ್ದರು.
ದೊರುಕ್‌ಗೂ ಗೊತ್ತಿತ್ತು.
'ನೀವು ಹೇಳಿದ್ರಲ್ಲ ಹೊಜಾಮ್' ಎಂದ
ಆಸ್ಪತ್ರೆಯ ಹಾಸಿಗೆಯಿಂದ, ನನ್ನನ್ನೇ ಸಮಾಧಾನ ಮಾಡುವ ಹಾಗೆ.
ಆಮೇಲೆ, 'ಇಲ್ಲಿರೋ ದಿನಗಳು ಹಾಜರಿಗೆ ಸೇರುತ್ತವಾ?'

ತೋರುಬೆರಳು, ನಡುಬೆರಳು. ಎಡಗೈಯವು.
'ಪುಣ್ಯಕ್ಕೆ ಎಡಗೈ' ಎಂದರು ಕಾರ್ಖಾನೆಯವರು.
ದೊರುಕ್ ಎಡಚ.

ಅವನ ತಾಯಿ ಗುಲ್ಸೆರೆನ್ ಕಿಟಕಿಗೆ ಮುಖಮಾಡಿ ಕೂತಿದ್ದಳು.
ಹೊರಗೆ ಎರ್ಜಿಯೆಸ್ ಬೆಟ್ಟ, ತಲೆತುಂಬ ಹಿಮ.
ಇವನು ಹುಟ್ಟಿದ ಬೆಳಿಗ್ಗೆಯೂ ಹೀಗೇ ಕಂಡಿತ್ತು,
ಅದಕ್ಕೇ ಶಿಖರ ಅಂತ ಹೆಸರಿಟ್ಟೆವು ಎಂದಳು.
ಮತ್ತೇನೂ ಅನ್ನಲಿಲ್ಲ.
ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ.

ವರದಿಯಲ್ಲಿ, ಗಾಯದ ಕಾರಣ ಎಂಬಲ್ಲಿ, ಅವರೇ ತುಂಬಿಸಿದ್ದರು:
ವಿದ್ಯಾರ್ಥಿಯ ಅಜಾಗರೂಕತೆ.
ನಾನು ಸಹಿ ಹಾಕಬೇಕಾದ ಕಡೆ ಆಗಲೇ ಪೆನ್ಸಿಲಿನ ಗುರುತು.
ಅಜಾಗರೂಕತೆಯನ್ನು ಹೊಡೆದುಹಾಕಿ
ವಿಧೇಯತೆ ಎಂದು ಬರೆದೆ.
ಎರಡು ಸಲ ವಾಪಸು ಬಂತು ಕಾಗದ.

ಆ ರಾತ್ರಿ ಸೆಪ್ಟೆಂಬರಿನ ಹಾಳೆಗಳನ್ನು ಹುಡುಕಿ ತೆಗೆದೆ.
ಎಲ್ಲರದೂ ಎಡಗೈ, ಅವನೊಬ್ಬನದು ಬಲ.
ಎಡಗೈಯಲ್ಲಿ ಪೆನ್ಸಿಲು ಹಿಡಿದು
ಬಲಗೈಗೆ ಸುತ್ತುಗೆರೆ ಎಳೆದಿದ್ದ, ಒಂದು ಚೂರೂ ನಡುಗದೆ.
ಹೋದ ಬೆರಳುಗಳ ಅಳತೆ
ಯಾರ ಹತ್ತಿರವೂ ಇಲ್ಲ.

ಫೆಬ್ರವರಿಯ ಶುಕ್ರವಾರ. ಸಂಖ್ಯಾಪದ್ಧತಿಯ ಪಾಠ.
'ಮನುಷ್ಯನಿಗೆ ಹತ್ತು ಬೆರಳಿರುವುದರಿಂದ' ಎಂದು
ಪ್ರತಿ ವರ್ಷದ ಬಾಯಿಪಾಠ ಅರ್ಧ ಹೊರಬಂದು ನಿಂತಿತು.
ಹಿಂದಿನ ಬೆಂಚಿನಿಂದ ಅವನ ದನಿ:
'ನಾನಿನ್ನು ಎಂಟರಲ್ಲಿ ಎಣಿಸ್ತೀನಿ ಹೊಜಾಮ್.
ನಂಗೀಗ ಹದಿನಾರಲ್ಲ, ಇಪ್ಪತ್ತು.'

ಎಲ್ಲರೂ ನಕ್ಕರು. ಅವನೂ.
ಲೆಕ್ಕ ಸರಿಯಿತ್ತು, ಪೂರ್ತಿ ಅಂಕ ಕೊಡಬೇಕಾದ ಉತ್ತರ.
ಬೋರ್ಡಿನ ಕಡೆ ತಿರುಗಿ ನಿಂತೆ,
ಸೀಮೆಸುಣ್ಣ ಹಿಡಿದ ಕೈಯನ್ನು, ಐದೂ ಬೆರಳಿನ ಕೈಯನ್ನು,
ಎಲ್ಲಿಡಬೇಕೆಂದು ತಿಳಿಯದೆ.