ಲಕೋಟೆಯ ಮೇಲೆ ಹನ್ನೆರಡು ಚೌಕ

ಬೀಜದ ಲಕೋಟೆಯ ಮೇಲೆ ಹೆಸರಿಗೆಂದು
ಹನ್ನೆರಡು ಚೌಕ ಅಚ್ಚಾಗಿದ್ದವು.
ಚೌಕಕ್ಕೊಂದು ಅಕ್ಷರ. ಒತ್ತಕ್ಷರಕ್ಕೆ ಜಾಗವಿಲ್ಲ.

ಯಲಬುರ್ಗಿ ದಾಟಿ, ಡಾಂಬರು ಮುಗಿದು,
ಕೆಂಪು ಮಸಾರಿ ಹೊಲದ ಬದುವಿಗೆ
ಕಚೇರಿಯ ಜೀಪು ನಿಂತಾಗ ಬೆಳಗಿನ ಏಳು.
ಹುಲಿಗೆವ್ವ ಆಗಲೇ ಬಳ್ಳಿ ಕೀಳುತ್ತಿದ್ದಳು.
ಮಂಜು ಆರಿದರೆ ಕಾಯಿ ಸಿಡಿಯುತ್ತವೆ,
ಕಾಳೆಲ್ಲ ಇರುವೆಗೆ, ನಮಗೆ ಬರೀ ಹೊಟ್ಟು
ಅಂದಳು, ತಲೆ ಎತ್ತದೆ.

"ಹೆಸರೇನಮ್ಮ ಇದಕ್ಕೆ?"
"ಮಡಕಿ."
ಡ್ರೈವರ್ ಬಸಣ್ಣ ಸೀಟಿನಿಂದಲೇ ನಕ್ಕ:
"ನೀರಿನ ಮಡಕಿಯೋ, ಕಾಳಿನ ಮಡಕಿಯೋ?"
"ಅದರಾಗ ಇದನ್ನ ಇಡತೀನಪ್ಪ, ಬೂದಿ ಕಲಸಿ.
ಇಬ್ಬರದೂ ಒಂದ ಹೆಸರು, ಜಗಳಿಲ್ಲ."

ಬರೆದೆ. ಮ, ಡ, ಕಿ.
ಉಳಿದ ಒಂಬತ್ತು ಚೌಕ ಬಾಯಿ ತೆರೆದು ಕೂತವು
ಗೂಡಿನ ಮರಿಗಳ ಹಾಗೆ.

"ಅಷ್ಟ ಬರದ್ರ ಸಾಲದವಾ.
ಕೈಯಾಗಿದ್ದಾಗ ಮಡಕಿ. ಮೊಳತು ಹೊರಗ ಬಂತಂದ್ರ
ನಮ್ಮತ್ತಿ ಅದಕ್ಕ ಮಲಗಿದಾಕಿ ಅಂತಿದ್ಲು.
ಸಜ್ಜಿ ಎದ್ದು ನಿಂತು ಮಳಿಗೆ ಕೊರಳು ಚಾಚತೈತಿ.
ಇಕಿ ಚಾಪಿ ಹಾಸಿಕೊಂಡು ಅಡ್ಡಾಗತಾಳ,
ತನ್ನ ನೆಳ್ಳ ತಾನ ಮಾಡಿಕೊಂಡು
ನೆಲದ ಹಸಿ ಮುಚ್ಚಿಡತಾಳ,
ಮೊಲಿ ಉಣ್ಣೋ ಕೂಸಿಗೆ ಸೆರಗು ಹಾಕಿದಂಗ."

ಬಗ್ಗಿ ನೋಡಿದೆ. ಗುಬ್ಬಿ ಹೆಜ್ಜೆಯಂತೆ ಸೀಳಿದ ಎಲೆ.
ಬುಡದ ಕಾಯಿ ಒಣಗಿದ್ದರೂ ತುದಿಯಲ್ಲೊಂದು ಹಳದಿ ಹೂವು,
ಅಂಗಿಯ ಗುಂಡಿಗಿಂತ ಚಿಕ್ಕದು.
ಪುಷ್ಯಾ ಮಳೆ ಒಮ್ಮೆ ಬಂದು ಹೋಗಿತ್ತಂತೆ,
ಆಮೇಲಿನವು ಮೋಡ ತೋರಿಸಿ ದಾಟಿದ್ದವಂತೆ.
ಬಳ್ಳಿಗೆ ಅದು ಗೊತ್ತಿದ್ದಂತೆ ಕಾಣಲಿಲ್ಲ.
ಗೊತ್ತಿದ್ದರೂ ಯಾರಿಗೂ ಹೇಳಿರಲಿಲ್ಲ.

ಬದುವಿನಾಚೆಯಿಂದ ಮೌಲಾಬಿ ಕೂಗಿದಳು:
"ಮೋಠ್ ಅಂತ ಬರಕೊ! ನಮ್ಮ ನಾನಿ ಮೋಠ್ ಅಂತಿದ್ಲು!"
ಕಾರಟಗಿ ಕಡೆ ಭತ್ತದ ನಾಟಿಗೆ ಹೋದಾಗ
ಕ್ಯಾಂಪಿನ ರತ್ತಮ್ಮ ಹೇಳಿದ್ದು ಇನ್ನೊಂದು:
ಕುಂಕುಮ ಪೆಸಲು.
ಕುಂಕುಮ ಬಿಟ್ಟು ಹದಿನೇಳು ವರ್ಷವಾದ ಹುಲಿಗೆವ್ವ
ಆ ಹೆಸರನ್ನು ಎರಡು ಸಲ ಹೇಳಿದಳು.
ಕುಷ್ಟಗಿಯ ಪಂಡಿತರ ಡಬ್ಬಿಯ ಮೇಲೆ ವನಮುದ್ಗ.
"ಹಂಗ ಕರದ್ರ ಕಾಳು ಹೊಳ್ಳಿ ನೋಡಾಂಗಿಲ್ಲ" ಅಂದಳು.
ಆ 'ದ್ಗ' ನನ್ನ ಚೌಕಕ್ಕೂ ಹಿಡಿಸುತ್ತಿರಲಿಲ್ಲ.

"ರಾತ್ರಿ ನೆನಿಹಾಕಿ, ಅರಿವ್ಯಾಗ ಕಟ್ಟಿ
ಗೂಟಕ್ಕ ತೂಗಬಿಟ್ರ ಬಾಲ ಬರತೈತಲ್ಲ,
ಆಗೇನಂತಾರವ್ವ?"
"ಆಗ ಹೆಸರಿಲ್ಲ. ಉಣ್ಣಾಕ ಕುಂತವರು
ಹೆಸರು ಕೇಳತಾರೇನು?"

ಮೂರೇ ಅಕ್ಷರದ ಲಕೋಟೆ ತಂದು
ಕೊಪ್ಪಳದ ಕಚೇರಿಯ ಕಪಾಟಿನಲ್ಲಿಟ್ಟೆ.
ಚಳಿಗಾಲ ಹೋಯಿತು. ಕಪಾಟು ಒರೆಸಲು ಬಂದ ಯಾರೋ
ಅದನ್ನು ಕುಡಿಯುವ ನೀರಿನ ಮಡಕೆಯ ಪಕ್ಕ ಮರೆತರು.
ಯುಗಾದಿಗೆ ಸೇರಿ ಮೂರು ದಿನ ರಜೆ.
ಮಡಕೆ ಬೆವೆಯುತ್ತಲೇ ಇತ್ತು.

ಬಂದು ನೋಡಿದರೆ ಶಾಯಿ ಹರಿದು
ಡ ಅಳಿಸಿ ಹೋಗಿದೆ.
ಆ ಚೌಕವನ್ನೇ ಹರಿದು
ಬಿಳಿ ಬಾಲವೊಂದು ಹೊರಗೆ ಬಂದಿದೆ.

ಮಾದರಿ ಹಾಳಾಗಿದೆ, ಎಂದು ರಿಜಿಸ್ಟರಿನಲ್ಲಿ ಬರೆದೆ.
ಈರುಳ್ಳಿ, ಹಸಿಮೆಣಸಿನಕಾಯಿ, ಸಾಸಿವೆ ಒಗ್ಗರಣೆ.
ಬಸಣ್ಣ ತಂದ ಸಜ್ಜೆ ರೊಟ್ಟಿಯ ಜೊತೆ
ಹಾಳಾದ ಮಾದರಿಯನ್ನು ಇಬ್ಬರೂ ಉಂಡೆವು.
ಕಾಳು ಸ್ವಲ್ಪ ಬಿರುಸಾಗಿತ್ತು.

ಮತ್ತೆ ಹೋದೆ. ನಡೆದದ್ದು ಹೇಳಿದೆ.
ಹುಲಿಗೆವ್ವ ನಗಲಿಲ್ಲ, ಬೈಯಲೂ ಇಲ್ಲ.
"ಉಪ್ಪು ಮೊದಲ ಹಾಕಿದ್ಯೋ, ಬೆಂದ ಮ್ಯಾಲೋ?"
"ಮೊದಲು."
"ಅದಕ್ಕ."
ಮಡಕಿಯೊಳಗೆ ಮೊಣಕೈತನಕ ಕೈಯಿಳಿಸಿ
ಮಡಕಿ ತೆಗೆದಳು ಒಂದು ಹಿಡಿ,
ಊದಿ, ಹೊಸ ಲಕೋಟೆಗೆ ಸುರಿದು
ಬಾಯಿ ಮಡಚಿ ಒತ್ತಿದಳು.
ಹನ್ನೆರಡು ಚೌಕದ ಮೇಲೂ
ಬೂದಿಯ ಬೆರಳು.