ನಲವತ್ತಮೂರು ಮಿಲಿಮೀಟರ್

ಒಂಬತ್ತಕ್ಕೆ ಬಂದವನು ಉಲ್ಲಾಸ ತಾಂಡೇಲ,
ಮಾಜಾಳಿ ದಂಡೆಯ ಜೀವರಕ್ಷಕ.
ಅಂಗಿ ಕಳಚಿದರೆ ಭುಜದ ಮೇಲೆ ಇನ್ನೂ ಉಪ್ಪಿನ ಗೆರೆ.
ಗುತ್ತಿಗೆ ನವೀಕರಣಕ್ಕೆ ಇಸಿಜಿ ಮಾಡಿಸಿದ್ದನಂತೆ,
ಅದರಲ್ಲಿ ಏನೋ ಕಂಡಿತಂತೆ, ಎಕೋ ಬರೆದರಂತೆ.
ಜೆಲ್ಲು ತಣ್ಣಗಿದೆ, ಎಂದೆ.
ಬೆಳಗಿನ ಕಡಲಿಗಿಂತಲಾ, ಎಂದ.

ಎಡಕ್ಕೆ ಹೊರಳಿಸಿ, ಪಕ್ಕೆಲುಬಿನ ಸಂದಿನಲ್ಲಿ ಪ್ರೋಬು ಊರಿದರೆ
ಕತ್ತಲಲ್ಲಿ ಬಿಚ್ಚಿಕೊಳ್ಳುತ್ತದೆ ಬೂದಿಬಣ್ಣದ ಬೀಸಣಿಗೆ.
ಅದರ ತಳದಲ್ಲಿ ಮೇಲಿನ ಕೋಣೆ.
(ನಮ್ಮ ತೆರೆಯಲ್ಲಿ ಮೇಲಿನದು ಕೆಳಗೆ, ಅಭ್ಯಾಸವಾಗುತ್ತದೆ.)
ಎಡ ಹೃತ್ಕರ್ಣ: ನಲವತ್ತಮೂರು ಮಿಲಿಮೀಟರ್.
ಇರಬೇಕಾದ್ದಕ್ಕಿಂತ ಎರಡು ಅಕ್ಕಿಕಾಳಿನ ದಪ್ಪ ಹೆಚ್ಚು.

ಆದರೆ ಬಾಗಿಲು ನೋಡಬೇಕು ಅವನದು.
ಕವಾಟದ ಎರಡು ಎಸಳು
ಕಿಟಕಿಯ ಪರದೆಯಂತೆ ತೆರೆದು, ಮುಚ್ಚಿ, ತೆರೆದು,
ಬಂದದ್ದು ಯಾವುದೂ ಅಲ್ಲಿ ನಿಲ್ಲುತ್ತಿಲ್ಲ.
ನಿಮಿಷಕ್ಕೆ ನಲವತ್ತೆಂಟು ಬಡಿತ, ಹೊಟ್ಟೆ ತುಂಬಿದವನ ನಡಿಗೆ.
ಹದಿನಾಲ್ಕು ವರ್ಷ ದಿನಕ್ಕೆ ನಾಲ್ಕು ಕಿಲೋಮೀಟರ್ ಈಜಿದವನ ಮನೆಗೆ
ಒಮ್ಮೆಲೇ ಬರುವ ನೆಂಟರು ಜಾಸ್ತಿ.
ಗೋಡೆ ಸರಿದು ಜಾಗ ಕೊಟ್ಟಿದೆ.

ಹನ್ನೊಂದೂವರೆಗೆ ದ್ರೌಪದಿ ವೇಳಿಪ, ಕದ್ರಾದ ಆಚೆಯಿಂದ,
ಎರಡು ಬಸ್ಸು ಬದಲಿಸಿ, ನಮ್ಮ ಮೆಟ್ಟಿಲಲ್ಲಿ ಮೂರು ಸಲ ಕೂತು.
ವಯಸ್ಸು ಮೂವತ್ತನಾಲ್ಕು. ಗೇರುಬೀಜ ಸುಲಿದು ಕಪ್ಪಾದ ಬೆರಳು.
ಎಂಟನೇ ವರ್ಷದಲ್ಲಿ ಗಂಟಲು ನೋವು, ಆಮೇಲೆ ಮೊಣಕಾಲು ಬಾತಿತ್ತು.
ತಾನಾಗಿ ಇಳಿಯಿತೆಂದು ಎಲ್ಲರೂ ಮರೆತ ಜ್ವರ.
ಜ್ವರ ಮರೆತಿರಲಿಲ್ಲ.
ಎಡ ಹೃತ್ಕರ್ಣ: ನಲವತ್ತಮೂರು.
ಇನ್ನೊಮ್ಮೆ ಅಳೆದೆ. ನಲವತ್ತಮೂರೇ.

ಇಲ್ಲಿ ಎಸಳು ದಪ್ಪ, ಅಂಚು ಅಂಟಿದೆ,
ಉಳಿದದ್ದು ಮೀನಿನ ಬಾಯಿಯಷ್ಟು ಸಂದು.
ದಾಟಲಾರದ್ದು ನಿಂತು, ನಿಂತದ್ದು ನೂಕಿ,
ಗೋಡೆ ಹಿಗ್ಗಿದೆ.
ಹಿಗ್ಗು. ಆ ಮಾತಿಗೆ ಖುಷಿ ಎಂದೂ ಅರ್ಥವಲ್ಲ,
ಬರೆಯುವ ಕೈ ಅಲ್ಲೇ ಒಂದು ಗಳಿಗೆ ತಡೆಯಿತು.

'ದೊಡ್ಡದಾಗಿದೆಯಾ?'
'ಸ್ವಲ್ಪ.'
'ಹಾಗಾದರೆ ನನ್ನ ಅತ್ತೆಗೊಂದು ಚೀಟಿ ಬರೆದುಕೊಡಿ ಬಾಯಿ,
ಸೊಸೆಯದು ದೊಡ್ಡ ಮನಸ್ಸು ಅಂತ.'
ಇಬ್ಬರೂ ನಕ್ಕೆವು. ತೆರೆಯ ಮೇಲಿನ ಚಿತ್ರವೂ ಕುಲುಕಿತು.

ಊಟದ ಬಿಡುವಿನಲ್ಲಿ ಕೋಡಿಬಾಗದ ತನಕ ಹೋಗಿ ನಿಂತೆ.
ಇಲ್ಲಿ ಕಾಳಿ ಅಗಲ,
ಕಡಲು ದಿನಕ್ಕೆರಡು ಸಲ ಒಳಬಂದು ಹೊರಹೋಗುತ್ತದೆ.
ಕದ್ರಾದಲ್ಲೂ ಅಗಲ,
ಅಲ್ಲಿ ಗೇಟು ಹಾಕಿದ್ದಾರೆ.
ನಕಾಶೆಯಲ್ಲಿ ಎರಡಕ್ಕೂ ಒಂದೇ ನೀಲಿ.

ಡಾಕ್ಟರು ಹೇಳಿದ್ದು:
ಅವಳಿಗೆ ತೊಡೆಯ ನರದಿಂದ ಬಲೂನು ಕಳಿಸಿ ಬಾಗಿಲು ಬಿಡಿಸಬಹುದು,
ತಡ ಬೇಡ.
ಅವನು ಮೂರು ತಿಂಗಳು ಈಜದೆ ಇರಲಿ, ಮತ್ತೆ ಅಳೆಯೋಣ,
ಕುಗ್ಗಿದರೆ ಒಳ್ಳೆಯದು, ಕುಗ್ಗದಿದ್ದರೂ ಹೆದರಬೇಕಿಲ್ಲ, ಆದರೂ
ಇಷ್ಟು ಈಜಿದವರಲ್ಲಿ ಕೆಲವರಿಗೆ ವಯಸ್ಸಾದ ಮೇಲೆ ತಾಳ ತಪ್ಪುವುದುಂಟು.
ಆ 'ಆದರೂ' ಅವನು ಕೇಳಿಸಿಕೊಂಡನೋ ಇಲ್ಲವೋ.

ಹೃತ್ಕರ್ಣ: ಕಿವಿ ಎಂದು ಯಾರು ಕರೆದರೋ ಅದನ್ನು.
ನನ್ನ ಕಾಗದದಲ್ಲಿ ಎರಡೂ ನಲವತ್ತಮೂರು.
'ಅಭಿಪ್ರಾಯ' ಎಂಬ ಸಾಲು ನಾನು ತುಂಬುವುದಲ್ಲ.

ನಾಲ್ಕೂಕಾಲಿಗೆ ಕದ್ರಾ ಬಸ್ಸು ಬಂತು.
ಅದರ ಮೆಟ್ಟಿಲು ಎತ್ತರ.
ಅವಳು ಒಂದು ಹತ್ತಿ, ಕಂಬಿ ಹಿಡಿದು, ನಿಂತಳು.
ಕಂಡಕ್ಟರ್ ಸೀಟಿ ಬಾಯಲ್ಲಿಟ್ಟವನು
ಊದದೆ ಕಾದ.